ಏರುವ ಮುನ್ನ ಬಾಗಬೇಕು

ಮೂಕಪ್ರಾಣಿಯಿಂದ ದುಡಿಮೆಯನ್ನು ಪಡೆಯುವ ಅಧಿಕಾರವು ಮನುಷ್ಯನಿಗೆ ಎಲ್ಲಿಂದ ಬಂದಿತು? ಹಣ ಕೊಟ್ಟು ಕೊಂಡುದರಿಂದ ಬಂದಿತೆಂದು ಸಂತೆಯು ಹೇಳುವುದು. ಬಲದಿಂದ ಬಂದಿತೆಂದು ಚಾವಟಿಯು ಹೇಳುವುದು. ಶರಣಮಾರ್ಗವು ಇವೆರಡನ್ನೂ ಒಪ್ಪದು. ಜೀವದಯೆಯನ್ನೇ ಧರ್ಮಕ್ಕೆ ಆಧಾರವನ್ನಾಗಿ ಮಾಡಿದ ಬಸವಣ್ಣನವರ ಪಥದಲ್ಲಿ ನಡೆವವನಿಗೆ ಈ ಪ್ರಶ್ನೆಯು ಬೇರೊಂದು ರೂಪದಲ್ಲಿ ಎದುರಾಗುವುದು. ದಯೆಯೆಂದರೆ ಮನಸ್ಸು ಮರುಗುವುದಷ್ಟೆಯೋ, ಕೈ ದುಡಿಯುವುದೂ ಅದರಲ್ಲಿ ಸೇರಿದೆಯೋ? ಇದನ್ನು ವಿಚಾರಿಸುವುದಕ್ಕೆ ಕುದುರೆಯ ಗೊರಸು ತಕ್ಕ ದೃಷ್ಟಾಂತವಾಗಿದೆ.

ಕುದುರೆಯ ಅಂದವನ್ನು ಹೊಗಳುವವರು ಅದರ ಕೊರಳನ್ನೂ ನಡೆಯನ್ನೂ ನೋಡುವರು. ಕುದುರೆಯನ್ನು ಬಲ್ಲವರು ಮೊದಲು ಗೊರಸನ್ನು ನೋಡುವರು. ಗೊರಸಿನ ಗಟ್ಟಿಯಾದ ಹೊರಕವಚವು ಮನುಷ್ಯನ ಉಗುರಿನ ಜಾತಿಯದೇ. ಅದು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರುಗಳಷ್ಟು ಬೆಳೆಯುವುದು. ಆದುದರಿಂದ 6ರಿಂದ 8 ವಾರಗಳಿಗೊಮ್ಮೆ ಅದನ್ನು ಕತ್ತರಿಸಿ, ಅರದಿಂದ ಉಜ್ಜಿ ಸಮಮಾಡಬೇಕು. ಮಾಡದಿದ್ದರೆ ಮುಂಭಾಗವು ಉದ್ದವಾಗಿ, ಮೈಭಾರವು ಓರೆಯಾಗಿ ಬಿದ್ದು ಕೀಲುಗಳು ನೋಯುವುವು. ಅಂಗಾಲಿನ ನಡುವೆ ಬಾಣದ ಮೊನೆಯಂತಹ ಮೆತ್ತನೆಯ ಭಾಗವೊಂದುಂಟು. ಅದರ ಇಕ್ಕೆಲದ ಸಂದುಗಳಲ್ಲಿ ಲದ್ದಿಯೂ ಕೆಸರೂ ನಿಂತರೆ ಆ ಭಾಗವು ಕೊಳೆತು ದುರ್ವಾಸನೆಯುಂಟಾಗುವುದು. ಇದಕ್ಕೆ ಪ್ರತಿದಿನದ ಶೋಧನೆ ಹಾಗೂ ಒಣಗಿದ ಲಾಯ ಇವೇ ಮುಖ್ಯವಾದ ರಕ್ಷೆ. ಕುದುರೆಯ ಮೇಲೆ ಎಷ್ಟೇ ಪ್ರೀತಿಯುಳ್ಳವನಾದರೂ ಈ ಕೆಲಸವನ್ನು ಮರೆತವನು ಅದಕ್ಕೆ ನೋವನ್ನೇ ಕೊಡುವನು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಜೀವಂತ ಪ್ರಾಣಿಯ ಕಾಲಿಗೆ ಕಬ್ಬಿಣದ ಲಾಳವನ್ನಿಟ್ಟು ಮೊಳೆ ಹೊಡೆಯುವುದು ಹಿಂಸೆಯಲ್ಲವೆ? ಇದಕ್ಕೆ ಸಮಾಧಾನವು ಗೊರಸಿನಲ್ಲಿಯೇ ಇದೆ. ಹೊರಕವಚದಲ್ಲಿ ನೋವನ್ನರಿಯುವ ನರಗಳಿಲ್ಲ. ಅದರ ಒಳಗಡೆ ಮಾತ್ರ ರಕ್ತವೂ ನರವೂ ತುಂಬಿದ ಜೀವಭಾಗವಿದೆ. ಮೊಳೆಯು ಕವಚದಲ್ಲಿಯೇ ಸಾಗಿ ಹೊರಬಂದರೆ ಕುದುರೆಗೆ ನೋವಿಲ್ಲ. ತುಸು ಒಳಕ್ಕೆ ಹೋದರೆ ಅದು ಕುಂಟುವುದು. ಅದೇ ಸುತ್ತಿಗೆ, ಅದೇ ಮೊಳೆ. ಬಲ್ಲವನ ಕೈಯಲ್ಲಿ ರಕ್ಷೆ, ಅರಿಯದವನ ಕೈಯಲ್ಲಿ ಹಿಂಸೆ. ಅರಿವಿಲ್ಲದ ದಯೆಯು ದಯೆಯ ಫಲವನ್ನು ಕೊಡದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಆದರೆ ಗೊರಸನ್ನು ನೋಡಬೇಕಾದರೆ ಕುದುರೆಯು ಕಾಲನ್ನು ಕೊಡಬೇಕು. ಇದು ಸಾಮಾನ್ಯವಾದ ಮಾತಲ್ಲ. ಕುದುರೆಗೆ ಕೊಂಬಿಲ್ಲ, ಹುಲಿಯ ಉಗುರಿಲ್ಲ; ಓಟವೇ ಅದರ ಮುಖ್ಯ ರಕ್ಷಣೆ. ಕಾಲನ್ನು ಪರರ ಕೈಗೆ ಒಪ್ಪಿಸುವುದೆಂದರೆ ಅದು ತನ್ನ ಪ್ರಾಣವನ್ನೇ ಒಪ್ಪಿಸಿದಂತೆ. ಆದುದರಿಂದಲೇ ಬೆನ್ನೇರುವ ಶಿಕ್ಷಣಕ್ಕಿಂತ ಮೊದಲು ನೆಲದ ಮೇಲಿನ ಶಿಕ್ಷಣವು ನಡೆಯಬೇಕು. ತನ್ನ ಬೆನ್ನ ಹಿಂದೆ ನೇರವಾಗಿರುವುದು ಕುದುರೆಗೆ ಕಾಣದು. ಆದಕಾರಣ ಶಿಕ್ಷಕನು ಮೆಲುದನಿಯಲ್ಲಿ ಮಾತನಾಡುತ್ತ ಹೆಗಲ ಕಡೆಯಿಂದ ಹತ್ತಿರ ಬರುವನು. ಹೆಗಲಿನಿಂದ ಕೈಯನ್ನು ಜಾರಿಸುತ್ತ ಕಾಲಿನವರೆಗೆ ಒಯ್ಯುವನು. ಅದು ಕಾಲೆತ್ತಿದರೆ ಒಂದು ಕ್ಷಣ ಹಿಡಿದು, ಅದು ಕಸಿದುಕೊಳ್ಳುವ ಮೊದಲೇ ಮೆಲ್ಲನೆ ಇಳಿಸುವನು. ನಡೆಸುವಾಗಲೂ ಇದೇ ಕ್ರಮ. ಹಗ್ಗವನ್ನು ಹಗುರವಾಗಿ ಎಳೆದು, ಕುದುರೆಯು ಒಂದು ಹೆಜ್ಜೆಯಿಟ್ಟ ಕೂಡಲೆ ಸಡಿಲಿಸುವನು. ತಾನು ಮಾಡಿದುದು ಸರಿಯೆಂದು ಕುದುರೆಗೆ ತಿಳಿಯುವುದು ಎಳೆತದಿಂದಲ್ಲ, ಸಡಿಲಿಕೆಯಿಂದ. ಹಿಡಿಯಲು ಬಲ್ಲವರು ಹಲವರು. ತಕ್ಕ ಹೊತ್ತಿನಲ್ಲಿ ಬಿಡಲು ಬಲ್ಲವನೇ ಗುರುವು.

ಗ್ರೀಸ್ ದೇಶದ ಕ್ಸೆನೊಫನ್ ಎಂಬವನು ಸಾಕ್ರೆಟಿಸನ ಶಿಷ್ಯನು, ಯುದ್ಧಗಳನ್ನು ಕಂಡ ಸೈನಿಕನು. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅಶ್ವವಿದ್ಯೆಯನ್ನು ಕುರಿತು ಬರೆದ ಗ್ರಂಥದಲ್ಲಿ ಅವನು ಗೊರಸು ಗಟ್ಟಿಯಾಗುವಂತೆ ಲಾಯದ ಹೊರಗೆ ದುಂಡುಕಲ್ಲುಗಳನ್ನು ಹರಡಬೇಕೆಂದು ವಿಧಿಸಿದನು. ಕೋಪದಿಂದ ಎಂದೂ ಕುದುರೆಯ ಬಳಿಗೆ ಹೋಗಬಾರದೆಂದನು. ಬಲಾತ್ಕಾರದಿಂದ ಮಾಡಿಸಿದ ಕೆಲಸವನ್ನು ಕುದುರೆಯು ಅರಿತು ಮಾಡುವುದಿಲ್ಲವೆಂದೂ ತಿಳಿಸಿದನು. ಮೆತ್ತಗಿರುವವನು ಪ್ರಾಣಿಯನ್ನು ಕೆಡಿಸುವನೆಂದು ವಾದಿಸುವವರು ಈ ಯೋಧನ ಮಾತನ್ನು ಮನಗಾಣಬೇಕು. ಶಿಕ್ಷಣದಲ್ಲಿ ದೃಢತೆಯು ಬೇಕು, ಕೋಪವು ಬೇಡ. ದೃಢತೆಯು ಕುದುರೆಯ ತಪ್ಪನ್ನು ತಿದ್ದುವುದು. ಕೋಪವು ಒಡೆಯನ ಅಹಂಕಾರವನ್ನು ತಣಿಸುವುದು.

ಭಯದಿಂದ ತಲೆಬಾಗಿದ ಕುದುರೆಯೂ ನಂಬಿಕೆಯಿಂದ ಕಾಲು ಕೊಟ್ಟ ಕುದುರೆಯೂ ನೋಡುವವನ ಕಣ್ಣಿಗೆ ಒಂದೇ ತೆರನಾಗಿ ಕಾಣಬಹುದು. ಆದರೆ ಮೊದಲನೆಯದು ಚಾವಟಿಯು ದೂರವಾದ ಕೂಡಲೆ ಒದೆಯುವುದು ಅಥವಾ ಓಡುವುದು, ಎರಡನೆಯದು ನಿಲ್ಲುವುದು. ಭಕ್ತಿಯಲ್ಲಿಯೂ ಈ ಭೇದವುಂಟು. ಅಂಜಿಕೆಯ ವಂದನೆಯು ಶರಣಾಗತಿಯಲ್ಲ. ನಂಬಿಕೆಯಿಂದ ತನ್ನನ್ನು ಒಪ್ಪಿಸಿಕೊಂಡಾಗ ಮಾತ್ರ ಭಕ್ತನು ಶರಣಸ್ಥಲದತ್ತ ಸಾಗುವನು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಕುದುರೆಯೇರಿ ಆಡುವ ರಾಜವಿನೋದವನ್ನು ವರ್ಣಿಸಿದನು. ಅದೇ 12ನೆಯ ಶತಮಾನದಲ್ಲಿ, ಅದೇ ಕಲ್ಯಾಣದಲ್ಲಿ, ದನಗಳನ್ನು ಕಾಯುವ ತುರುಗಾಹಿ ರಾಮಣ್ಣನು ಶರಣರ ಸಾಲಿನಲ್ಲಿ ಗೌರವದ ಸ್ಥಾನವನ್ನು ಪಡೆದನು. ಅರಮನೆಯು ಬೆನ್ನೇರಿದವನನ್ನು ಕೊಂಡಾಡಿತು. ಅನುಭವ ಮಂಟಪವು ಮೇಯಿಸುವವನನ್ನು ಮನ್ನಿಸಿತು. ಲದ್ದಿಯನ್ನು ತೆಗೆದು ಗೊರಸನ್ನು ಶುಚಿಮಾಡುವ ಕೈಯೂ ಕಾಯಕದ ಕೈಯೇ, ಅದರಲ್ಲಿ ಕೀಳಿಲ್ಲ.

ಕುದುರೆಯಿರುವ ಮನೆಗಳು ಇಂದು ವಿರಳ. ಆದರೆ ಎತ್ತು ಕಟ್ಟಿದ ಒಕ್ಕಲು ಮನೆಯ ಒಡೆಯನಿಗೂ ಈ ವಿಚಾರವು ಹೊರಗಿನದಲ್ಲ. ಎತ್ತನ್ನು ಹಗ್ಗದಿಂದ ಕೆಡವಿ ಲಾಳ ಕಟ್ಟಿಸುವಾಗ ಅದರ ತಲೆಯ ಬಳಿ ಕುಳಿತು ಸಂತೈಸುವವನೂ ಉಂಟು, ಅತ್ತ ಮುಖ ತಿರುಗಿಸಿ ನಿಂತು ಕೂಲಿಗೆ ಜಗ್ಗಾಡುವವನೂ ಉಂಟು. ಇಬ್ಬರೂ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಪೂಜಿಸುವವರೇ ಆಗಿರಬಹುದು. ಲಿಂಗವನ್ನು ಹಿಡಿದ ಅಂಗೈಯೇ ನೊಂದ ಗೊರಸನ್ನೂ ಹಿಡಿಯಬೇಕಾದುದು. ಆ ಕೈಗೆ ಅದು ಹೇಸಿಗೆಯಾಗಿ ತೋರಿದರೆ ಪೂಜೆಯು ಇನ್ನೂ ಅಂಗೈಯಿಂದ ಅಂತರಂಗಕ್ಕೆ ಇಳಿದಿಲ್ಲವೆಂದೇ ತಿಳಿಯಬೇಕು. ದುಡಿಸಿಕೊಳ್ಳುವ ಅಧಿಕಾರವು ದುಡಿವ ಜೀವದ ಕಾಲ ಬಳಿ ಬಾಗಿದವನಿಗೆ ಸಲ್ಲುವುದು. ಬಾಗದವನಿಗೆ ಉಳಿಯುವುದು ಚಾವಟಿಯೊಂದೇ.