ಉಳಿಯುವದೋ ಎಂದು ತಿಳಿಯದ ಶಿಶುವಿನ ಮೇಲಣ ಪ್ರೀತಿ



ದಿನ ತುಂಬದೆ ಹುಟ್ಟಿದ ಕೂಸನ್ನು ದೊಡ್ಡಾಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಬಿಟ್ಟು, ಹೊರಗೆ ಚಾಪೆ ಹಾಸಿಕೊಂಡು ಕಾದಿರುವ ತಂದೆತಾಯಿಗಳು ನಮ್ಮ ಸಭೆಗಳಲ್ಲಿಯೂ ಉಂಟು. ಇಂಥ ಸಮಯದಲ್ಲಿ ಊರಿನ ಹಿರಿಯರು ಅವರಿಗೆ ಕೊಡುವ ಬುದ್ಧಿಮಾತು ಏನಂದರೆ: ಕೂಸನ್ನು ಬಹಳ ಹಚ್ಚಿಕೊಳ್ಳಬೇಡಿರಿ, ಈಗಲೇ ಹೆಸರಿಡಬೇಡಿರಿ, ಉಳಿದರೆ ಆಮೇಲೆ ಎತ್ತಿಕೊಂಡರಾಯಿತು. ಈ ಮಾತು ಕನಿಕರದಿಂದಲೇ ಹುಟ್ಟಿದ್ದು. ಮುಂದೆ ಬರಬಹುದಾದ ದುಃಖವನ್ನು ತಗ್ಗಿಸಬೇಕೆಂಬದೇ ಅದರ ಉದ್ದೇಶ. ಆದರೂ ನಾವು ವಿಚಾರಿಸತಕ್ಕ ಪ್ರಶ್ನೆ ಇದು: ಉಳಿಯುವದೋ ಇಲ್ಲವೋ ಎಂದು ತಿಳಿಯದ ಶಿಶುವಿಗೆ ಹೃದಯವನ್ನು ಪೂರಾ ಕೊಡಬೇಕೋ, ಅರ್ಧವನ್ನು ಕಾದಿಟ್ಟುಕೊಳ್ಳಬೇಕೋ?

37 ವಾರಗಳು ಮುಗಿಯುವದಕ್ಕೆ ಮುಂಚೆ ಹುಟ್ಟಿದ್ದೇ ದಿನ ತುಂಬದ ಶಿಶು. ಬಹಳ ಮುಂಚೆ ಹುಟ್ಟಿದ ಕೂಸಿನ ಶ್ವಾಸಕೋಶವು ಬಲಿತಿರುವದಿಲ್ಲ. ಅದು ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು. ಚೀಪುವದು, ನುಂಗುವದು, ಉಸಿರಾಡುವದು ಈ ಮೂರನ್ನು ಹೊಂದಿಸಲಾರದು. ಆದಕಾರಣ ಬಿಸಿಗೆ ಗಾಜಿನ ಪೆಟ್ಟಿಗೆಯೂ ಉಸಿರಿಗೆ ಯಂತ್ರವೂ ಹಾಲಿಗೆ ಸಣ್ಣ ಕೊಳವೆಯೂ ಬೇಕಾಗುವವು. ಇದನ್ನೆಲ್ಲಾ ಕಂಡ ತಂದೆತಾಯಿಗಳು, ಎಲ್ಲವೂ ವೈದ್ಯರ ಕೈಯಲ್ಲಿದೆ, ನಮ್ಮ ಕೈ ಬರಿದು ಎಂದು ಎಣಿಸುವದು ಸಹಜವೇ. ಹಾಗೆ ಎಣಿಸಿದವರಿಗೆ ಹಿರಿಯರ ಮಾತು ಇನ್ನೂ ಸರಿಯಾಗಿ ತೋರುವದು.

ವೈದ್ಯರಾದರೋ ಬೇರೆ ಮಾತನ್ನು ಹೇಳುತ್ತಾರೆ. ತಾಯಿಯು ಹಿಂಡಿಕೊಟ್ಟ ಹಾಲು ಎಳೆಯ ಕರುಳನ್ನು ರೋಗದಿಂದ ಕಾಯುವದು. ಆ ಕೆಲಸವನ್ನು ಯಾವ ಯಂತ್ರವೂ ಮಾಡಲಾರದು. 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ಪಟ್ಟಣದಲ್ಲಿ ಪೆಟ್ಟಿಗೆಗಳು ಸಾಲದೆ ಹೋದಾಗ, ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಗಲುವಂತೆ ಕಟ್ಟಿ ಬೆಚ್ಚಗಿಡುವ ಕ್ರಮವನ್ನು ಆರಂಭಿಸಿದರು. ಅದಕ್ಕೆ ಕಾಂಗರೂ ಆರೈಕೆ ಎಂದು ಹೆಸರಾಯಿತು. ತಂದೆಯೂ ಅದನ್ನು ಮಾಡಬಹುದು. ಆದರೆ ಕೂಸು ಮೊದಲು ಸುಧಾರಿಸಲಿ, ಆಮೇಲೆ ಎದೆಗೆ ಕೊಡೋಣ ಎಂಬದೇ ಬಹು ಕಾಲ ಆಸ್ಪತ್ರೆಗಳ ಪದ್ಧತಿಯಾಗಿತ್ತು. ಭಾರತ, ಘಾನಾ, ಮಲಾವಿ, ನೈಜೀರಿಯ, ಟಾಂಜಾನಿಯ ಎಂಬ ಐದು ದೇಶಗಳಲ್ಲಿ 1 ಕಿಲೋದಿಂದ 1.8 ಕಿಲೋ ವರೆಗಿನ ಶಿಶುಗಳನ್ನು ಹಾಗೆ ಕಾಯದೆ, ಹುಟ್ಟಿದ ಸ್ವಲ್ಪ ಹೊತ್ತಿನಲ್ಲಿಯೇ ಎದೆಗೆ ಕೊಟ್ಟು ನೋಡಿದರು. 2021ರಲ್ಲಿ ಅದರ ಫಲ ಪ್ರಕಟವಾಯಿತು: ಸುಧಾರಿಸುವ ವರೆಗೆ ಕಾದಿರಿಸಿದ ಶಿಶುಗಳಲ್ಲಿ ನೂರಕ್ಕೆ ಸುಮಾರು 16 ಒಂದು ತಿಂಗಳೊಳಗೆ ತೀರಿಹೋದವು, ಕಾಯದೆ ಎದೆಗೆ ಕೊಟ್ಟವುಗಳಲ್ಲಿ 12. ಉಳಿದ ಮೇಲೆ ಎತ್ತಿಕೊಳ್ಳೋಣ ಅನ್ನುವವರು ಇದನ್ನು ಆಲೋಚಿಸಲಿ. ಎತ್ತಿಕೊಂಡದ್ದರಿಂದಲೇ ಕೆಲವು ಉಳಿದವು.

ಆದರೆ ಆ 12 ಶಿಶುಗಳ ವಿಷಯವೇನು? ಅವುಗಳ ತಾಯಂದಿರ ಪ್ರೀತಿ ವ್ಯರ್ಥವಾಯಿತೋ? ಇಲ್ಲಿ ದಾವೀದನನ್ನು ನೆನಸೋಣ. ಮಗು ಸಾಯುವದೆಂದು ಪ್ರವಾದಿಯು ಮುಂದಾಗಿ ತಿಳಿಸಿದ್ದರೂ, ಅದು ಜೀವದಿಂದಿರುವ ತನಕ ಅವನು ಉಪವಾಸದಿಂದ ನೆಲದ ಮೇಲೆ ಬಿದ್ದುಕೊಂಡು ಬೇಡಿಕೊಂಡನು. ಅದು ತೀರಿಹೋಯಿತೆಂದು ತಿಳಿದಾಗ ಎದ್ದು, ಸ್ನಾನಮಾಡಿ, ದೇವಾಲಯಕ್ಕೆ ಹೋಗಿ ಆರಾಧಿಸಿ, ಮನೆಗೆ ಬಂದು ಉಂಡನು. ಸೇವಕರು ಬೆರಗಾದರು. ಪೂರಾ ಕೊಟ್ಟವನಿಗೆ ಏಳುವದಕ್ಕೆ ಬಲವಿತ್ತು. ಕೊಡದೆ ಉಳಿಸಿಕೊಂಡ ಪ್ರೀತಿಯು ದುಃಖವನ್ನು ಕಡಿಮೆ ಮಾಡದು. ಅಯ್ಯೋ, ಒಂದು ಸಾರಿಯಾದರೂ ಎತ್ತಿಕೊಳ್ಳಲಿಲ್ಲವಲ್ಲಾ ಎಂಬ ಕೊರಗನ್ನು ಅದಕ್ಕೆ ಕೂಡಿಸುವದು.

ಈ ಚರಿತ್ರೆಯನ್ನು ಹಿಡಿದು, ಶಿಶುವಿನ ಸಂಕಟಕ್ಕೆ ಹೆತ್ತವರ ಪಾಪವೇ ಕಾರಣವೆಂದು ಯಾರೂ ತೀರ್ಪು ಹೇಳಬಾರದು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಹಾಗೆ ಕೇಳಿದಾಗ ಕರ್ತನು ಒಪ್ಪಲಿಲ್ಲ. ಬಾಣಂತಿಯ ಕಾಲ್ಗುಣವನ್ನೂ ಗ್ರಹಣವನ್ನೂ ಎತ್ತಿ ಆಡುವದು ನಮಗೆ ಸಲ್ಲದು.

ಆದಕಾರಣ ತಂದೆತಾಯಿಗಳೇ, ಕೂಸಿಗೆ ಹೆಸರಿಡಿರಿ. ಕೈ ತೊಳೆದುಕೊಂಡು ಒಳಗೆ ಹೋಗಲು ಅಪ್ಪಣೆ ಕೇಳಿರಿ. ಎದೆಗೆ ಯಾವಾಗ ಕೊಡುವಿರೆಂದು ವೈದ್ಯರನ್ನೂ ದಾದಿಯರನ್ನೂ ವಿಚಾರಿಸಿರಿ. ಖರ್ಚಿಗೆ ಹೆದರಿ ಕೂಸನ್ನು ಮನೆಗೆ ತರಬೇಡಿರಿ. 2011ರಲ್ಲಿ ಆರಂಭವಾದ ಜನನೀ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಅಸ್ವಸ್ಥ ಶಿಶುವಿನ ಚಿಕಿತ್ಸೆ ಉಚಿತವಾಗಿದೆ. ಸಭೆಯವರೇ, ಬುತ್ತಿ ಕಟ್ಟಿಕೊಂಡು ಹೋಗಿರಿ. ಅವರ ದನಕರುಗಳನ್ನೂ ಹಿರಿಯ ಮಕ್ಕಳನ್ನೂ ನೋಡಿಕೊಳ್ಳಿರಿ. ಕೂಸು ಇನ್ನೂ ಇದೆಯೋ ಎಂದು ಕೇಳಬೇಡಿರಿ. ಅದರ ಹೆಸರು ಹಿಡಿದು ಕ್ಷೇಮ ವಿಚಾರಿಸಿರಿ, ಆ ಹೆಸರಿನಿಂದಲೇ ಆರಾಧನೆಯಲ್ಲಿ ಪ್ರಾರ್ಥಿಸಿರಿ. ಎಳೆಗೂಸುಗಳನ್ನು ತಂದವರನ್ನು ಶಿಷ್ಯರು ಗದರಿಸಿದಾಗ ಕರ್ತನು ಕೂಸುಗಳನ್ನು ತನ್ನ ಬಳಿಗೆ ಕರೆದನು. ಅವು ಎಷ್ಟು ಕಾಲ ಬದುಕುವವೆಂದು ಮೊದಲು ವಿಚಾರಿಸಲಿಲ್ಲ. ಆತನ ಮನಸ್ಸು ನಮ್ಮಲ್ಲಿಯೂ ಇರಲಿ.