ಅಳಿಯಬಲ್ಲ ಅಕ್ಷರ

ತಾಳೆಗರಿಯ ಮೇಲೆ ಕಂಟವೆಂಬ ಲೋಹದ ಮೊನೆಯಿಂದ ಕೊರೆದ ಅಕ್ಷರ ಕೊರೆದ ಕೂಡಲೇ ಓದಲು ಸಿಗುವುದಿಲ್ಲ. ಕಣ್ಣಿಗೆ ಕಾಣುವುದು ತೆಳ್ಳಗಿನ ಗೀರಷ್ಟೇ. ಎಣ್ಣೆಯಲ್ಲಿ ಕಲಸಿದ ಕಾಡಿಗೆ ಸವರಿ ಬಟ್ಟೆಯಿಂದ ಒರೆಸಿದಾಗ ಮಸಿ ಗೀರುಗಳೊಳಗೆ ನಿಂತು, ಸಾಲುಸಾಲಾಗಿ ಬರಹ ಮೂಡುತ್ತದೆ. ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಮಿನುಗುವ ಹಾಳೆಯ ವಿಷಯ ಓದಿದಾಗ ನನಗೆ ನೆನಪಾದದ್ದು ಈ ಗರಿ.

ಆ ಹಾಳೆಯ ತೆಳು ಪದರದೊಳಗೆ ಬೆಳಕನ್ನು ಹೀರಿಕೊಂಡು ನಿಧಾನವಾಗಿ ಬಿಡುವ ಸಾವಯವ ಅಣುಗಳಿವೆ. ಆಮ್ಲಜನಕ ಇರುವ ತನಕ ಆ ಹೊಳಪು ಕಾಣಿಸಿಕೊಳ್ಳದು. ಅತಿನೇರಳೆ ಬೆಳಕು ಬಿದ್ದ ಕಡೆ ಆಮ್ಲಜನಕ ತೀರಿಹೋಗಿ, ಅಲ್ಲಿ ಮಾತ್ರ ಮಿನುಗು ಉಳಿಯುತ್ತದೆ. ಅಕ್ಷರದ ಆಕಾರದಲ್ಲಿ ಬೆಳಕು ಹಾಯಿಸಿದರೆ ಅಕ್ಷರವೇ ಹೊಳೆಯುತ್ತದೆ. ಕಾಯಿಸಿದರೆ ಆಮ್ಲಜನಕ ಮತ್ತೆ ಒಳಸೇರಿ ಬರಹ ಅಳಿಯುತ್ತದೆ. ಒಂದೇ ಹಾಳೆಯಲ್ಲಿ 40ಕ್ಕೂ ಹೆಚ್ಚು ಸಲ ಹೀಗೆ ಬರೆದು ಅಳಿಸಿದ್ದಾರೆ. ಇಂಥ ಹಾಳೆಯ ಮೈಯನ್ನು ಮಣ್ಣಾಗುವ ವಸ್ತುವಿನಿಂದಲೇ ಮಾಡಬೇಕೆಂಬುದು ಮುಂದಿನ ಹುಡುಕಾಟ.

ಈ ಹುಡುಕಾಟ ಸರಿಯಾದದ್ದೆಂದು ನಾನು ನಂಬುತ್ತೇನೆ. ಪಾರ್ಸೆಲ್ಲಿನ ಮೇಲಿನ ವಿಳಾಸಕ್ಕೆ ನಾಲ್ಕು ದಿನದ ಆಯಸ್ಸು ಸಾಕು. ಅದನ್ನು ಹೊತ್ತ ಪ್ಲಾಸ್ಟಿಕ್ಕು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಅಕ್ಷರ ತೋರಿಸುವ ಪರದೆಗಳ ಪಾಡೂ ಇದೇ: 2022ರಲ್ಲಿ ಜಗತ್ತು ಎಸೆದ ವಿದ್ಯುನ್ಮಾನ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಗೆ ಹೋದದ್ದು ಕಾಲುಭಾಗಕ್ಕಿಂತ ಕಡಿಮೆ. ಹೇಳಬೇಕಾದ ಮಾತು ಮುಗಿದ ಮೇಲೂ ಅದನ್ನು ಹೊತ್ತ ವಸ್ತು ಉಳಿದು ನೆಲಕ್ಕೆ ಭಾರವಾಗಿದೆ.

ಹೊರುವ ವಸ್ತುವೇ ಕೊಳೆತರೆ ನೆನಪಿನ ಗತಿಯೇನು ಎಂದು ಯಾರಾದರೂ ಕೇಳಬಹುದು. ಸಂಸ್ಕೃತ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಗುರುತಿಸಿದರು, 1909ರಲ್ಲಿ ಅದು ಅಚ್ಚಾಯಿತು. ಗ್ರಂಥದಷ್ಟೇ ಹಳೆಯ ಗರಿಯೇನೂ ಅವರ ಕೈಗೆ ಬಂದಿರಲಿಲ್ಲ. ಗರಿಯ ಬಾಳು ಕೆಲವು ಶತಮಾನ, ಅದೂ ಹುಳ ಬೀಳದಂತೆ ಎಣ್ಣೆ ಸವರಿ ಕಾಪಾಡಿದರೆ. ಒಂದು ಗರಿ ಜೀರ್ಣವಾಗುವ ಮೊದಲು ಯಾರೋ ಕುಳಿತು ಇನ್ನೊಂದರ ಮೇಲೆ ಕೊರೆದರು. ಹೀಗೆ ಎಷ್ಟೋ ತಲೆಮಾರು ನಡೆಯಿತು. ಗ್ರಂಥ ಬದುಕಿದ್ದು ಆ ಕೈಗಳಿಂದ.

ಕರಗುವುದೂ ತಾನಾಗಿ ಆಗುವಂಥದ್ದಲ್ಲ. ಮೆಕ್ಕೆಜೋಳದಿಂದ ತಯಾರಾಗುವ ಪಾಲಿಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕ್ಕು ಸುಮಾರು 60 ಡಿಗ್ರಿ ಶಾಖವಿರುವ ಗೊಬ್ಬರದ ಘಟಕದಲ್ಲಿ ಕೆಲವೇ ತಿಂಗಳಲ್ಲಿ ಕೊಳೆಯುತ್ತದೆ. ಹಿತ್ತಲ ಮಣ್ಣಿನಲ್ಲಿ ಹೂತಿಟ್ಟರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಹಾಳೆ ಕರಗಿದರೂ ಅದರೊಳಗಿನ ಮಿನುಗುವ ಅಣು ಮಣ್ಣಿಗೆ ಕೇಡು ಮಾಡಬಾರದು. ಇಷ್ಟನ್ನೂ ನೋಡಿಕೊಳ್ಳಬೇಕಾದವರು ನಾವು.

ನೆನಪನ್ನಾಗಲಿ ಮರೆವನ್ನಾಗಲಿ ವಸ್ತುವಿನ ತಲೆಗೆ ಕಟ್ಟಿ ನಾವು ನಿಶ್ಚಿಂತರಾಗಿರಲು ಬರುವುದಿಲ್ಲ. ಜಮೀನಿನ ಪಹಣಿ, ನ್ಯಾಯಾಲಯದ ತೀರ್ಪು, ಒಂದು ಕಾವ್ಯ ಇವು ಯಾರ ಅನುಕೂಲಕ್ಕೂ ಕರಗಬಾರದು. ಒಂದು ದಿನದ ಚೀಟಿ ಒಂದು ದಿನ ಮಿನುಗಿ ಮಣ್ಣಾಗಲಿ. ಯಾವುದು ಯಾವುದೆಂದು ಬೇರ್ಪಡಿಸುವ ವಿವೇಕವನ್ನು ಯಾವ ಪ್ರಯೋಗಾಲಯವೂ ಹಾಳೆಯೊಳಗೆ ಸೇರಿಸಿ ಕೊಡಲಾರದು.

ಜೀರ್ಣವಾದ ಗರಿಯನ್ನು ಹೊಳೆಗೆ ಬಿಡುವ ರೂಢಿ ದಕ್ಷಿಣದಲ್ಲಿತ್ತು. ಪ್ರತಿ ಮಾಡಿಕೊಂಡು ಬಿಟ್ಟವರ ಮನೆಯಲ್ಲಿ ಗ್ರಂಥ ಉಳಿಯಿತು. ಪ್ರತಿ ಮಾಡದೆ ಬಿಟ್ಟವರದು ನೀರಿನ ಜೊತೆಗೇ ಹೋಯಿತು.