ಜಾಲಿಗಿಡದ ಕೆಳಗೆ ಮಲಗಿದವರನ್ನು ಎಬ್ಬಿಸುವವರು ಯಾರು?



ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ಒಮ್ಮೆ ಬಿಚ್ಚಿ ಓದಿ. ಕರ್ಮೆಲ್ ಬೆಟ್ಟದ ಮೇಲೆ ಇಡೀ ಜನತೆಯ ಮುಂದೆ ಸತ್ಯದೇವರ ಮಹಿಮೆಯನ್ನು ತೋರಿಸಿಕೊಟ್ಟ ಎಲೀಯ ಪ್ರವಾದಿ, ಅದಾದ ಮೇಲೆ ಪ್ರಾಣಭಯದಿಂದ ಓಡಿಹೋಗುತ್ತಾನೆ. ಜೊತೆಗಿದ್ದ ಸೇವಕನನ್ನು ಬೇರ್ಷೆಬದಲ್ಲಿಯೇ ಬಿಟ್ಟು, ಒಂದು ದಿನದ ದಾರಿಯಷ್ಟು ಒಬ್ಬನೇ ಮರುಭೂಮಿಯಲ್ಲಿ ನಡೆಯುತ್ತಾನೆ. ಒಂದು ಜಾಲಿಗಿಡದ ಕೆಳಗೆ ಕುಳಿತು, ತನಗಿನ್ನು ಬದುಕು ಬೇಡವೆಂದು ದೇವರನ್ನೇ ಬೇಡಿಕೊಳ್ಳುತ್ತಾನೆ. ಬೇಡಿಕೊಂಡು ಮಲಗಿಬಿಡುತ್ತಾನೆ.

ಆಗ ದೇವರು ಏನು ಮಾಡಿದರು? ಅವನನ್ನು ಗದರಿಸಲಿಲ್ಲ. ನಿನ್ನೆಯ ವಿಶ್ವಾಸ ಇಂದು ಎಲ್ಲಿ ಹೋಯಿತೆಂದು ಕೇಳಲಿಲ್ಲ. ಒಬ್ಬ ದೂತನನ್ನು ಕಳುಹಿಸಿದರು. ಆ ದೂತನೂ ಉಪದೇಶಕ್ಕೆ ನಿಲ್ಲಲಿಲ್ಲ. ಮೈಮುಟ್ಟಿ ಎಬ್ಬಿಸಿದ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತೋರಿಸಿದ. ಎಲೀಯನು ತಿಂದು ಕುಡಿದು ಮತ್ತೆ ಮಲಗಿದ. ದೂತನು ಬೇಸರಿಸದೆ ಎರಡನೆಯ ಸಲವೂ ಬಂದ. ಮುಂದಿನ ದಾರಿ ನಿನ್ನೊಬ್ಬನ ಶಕ್ತಿಗೆ ಮೀರಿದ್ದೆಂದು ಹೇಳಿ ಮತ್ತೆ ಉಣಿಸಿದ. ಅನಂತರವೇ ಪ್ರವಾದಿ 40 ದಿನ ನಡೆದು ಹೋರೇಬ್ ಬೆಟ್ಟವನ್ನು ಸೇರಿದ್ದು, ದೇವರ ಮೆಲುದನಿಯನ್ನು ಕೇಳಿದ್ದು.

ಇಂದು ಆ ಜಾಲಿಗಿಡ ಮರುಭೂಮಿಯಲ್ಲಿಲ್ಲ. ಬೆಂಗಳೂರಿನ ನಡುವೆಯೇ ಇದೆ. ಊರು ಬಿಟ್ಟು ಬಂದು ಬಾಡಿಗೆ ಕೋಣೆಯಲ್ಲಿರುವ ಯುವಕ, ರಾತ್ರಿ ಪಾಳಿ ಮುಗಿಸಿ ಬೆಳಕು ಹರಿಯುವಾಗ ಮಲಗುವ ಯುವತಿ, ಮನೆಗೆಲಸ ಮುಗಿಸಿ ಗಾರ್ಮೆಂಟ್ಸ್‌ಗೆ ಓಡುವ ತಾಯಿ, ಮಕ್ಕಳು ವಿದೇಶಕ್ಕೆ ಹೋದ ಮೇಲೆ ಫ್ಲಾಟಿನಲ್ಲಿ ಒಬ್ಬರೇ ಉಳಿದ ಅಜ್ಜಿ - ಇವರ ಸುತ್ತ ಲಕ್ಷಾಂತರ ಜನರಿದ್ದಾರೆ, ಆದರೆ ಎದುರು ಮನೆಯವರಿಗೆ ಇವರ ಹೆಸರು ಗೊತ್ತಿಲ್ಲ.

ದುಃಖ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಪ್ರತಿದಿನವೂ ಮನಸ್ಸು ಮಂಕಾಗಿದ್ದು, ಹಿಂದೆ ಸಂತೋಷ ಕೊಡುತ್ತಿದ್ದುದೆಲ್ಲ ಸಪ್ಪೆಯಾಗಿ, ನಿದ್ರೆ, ಹಸಿವು ಕೆಟ್ಟು, ತಾನು ಯಾರಿಗೂ ಬೇಡದವನೆಂಬ ಭಾವ ಬೇರೂರಿದರೆ ಅದು ಖಿನ್ನತೆ ಇರಬಹುದು. ಕಾರಣವಿಲ್ಲದೆ ಸದಾ ಕಳವಳ, ಎದೆ ಬಡಿತ, ಕೈನಡುಕ ಇದ್ದರೆ ಅದು ಆತಂಕದ ಕಾಯಿಲೆ ಇರಬಹುದು. ಹೃದಯಾಘಾತವೆಂದು ಹೆದರಿ ಆಸ್ಪತ್ರೆಗೆ ಓಡಿಬಂದ ಎಷ್ಟೋ ಮಂದಿಯ ಇ.ಸಿ.ಜಿ. ಸರಿಯಾಗಿಯೇ ಇರುತ್ತದೆ, ಏನೂ ಇಲ್ಲವೆಂದು ಹೇಳಿ ಮನೆಗೆ ಕಳುಹಿಸುತ್ತಾರೆ. ಏನೂ ಇಲ್ಲವೆಂದಲ್ಲ, ಇರುವುದು ಬೇರೆ ಕಡೆ.

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ 20 ಮಂದಿಗೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿದ್ದಾರೆ. ಖಿನ್ನತೆ ಇದ್ದವರಲ್ಲಿ 100ಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಯಾರು ಕುಳಿತಿದ್ದಾರೆಂದು ಈ ಲೆಕ್ಕ ನಮ್ಮನ್ನು ಕೇಳುತ್ತದೆ.

ಪ್ರಾರ್ಥನೆಯೋ, ವೈದ್ಯನೋ?

"ಜಪಸರ ಹೇಳು, ಎಲ್ಲ ಸರಿಹೋಗುತ್ತೆ." "ಒಂಬತ್ತು ಗುರುವಾರ ವಿವೇಕನಗರದ ಬಾಲಯೇಸುವಿನ ಗುಡಿಗೆ ಹೋಗಿ ಬಾ." ಪ್ರೀತಿಯಿಂದ ಹೇಳುವ ಮಾತುಗಳೇ ಇವು. ಹೋಗಲಿ, ಮೊಂಬತ್ತಿ ಹಚ್ಚಲಿ. ಪ್ರಾರ್ಥನೆ ವ್ಯರ್ಥವೆಂದು ಯಾರೂ ಹೇಳುತ್ತಿಲ್ಲ. ಆದರೆ ಹತ್ತನೆಯ ಗುರುವಾರವೂ ಮನಸ್ಸು ಏಳದಿದ್ದಾಗ, "ನಿನಗೆ ವಿಶ್ವಾಸ ಸಾಲದು" ಎಂಬ ಮಾತು ಬರುತ್ತದಲ್ಲ, ಅದು ಕಾಯಿಲೆಯ ಮೇಲೆ ಪಾಪಪ್ರಜ್ಞೆಯನ್ನೂ ಹೇರುತ್ತದೆ. ಸಕ್ಕರೆ ಕಾಯಿಲೆಯವರಿಗೆ ನಾವು ಹಾಗೆ ಹೇಳುವುದಿಲ್ಲ.

ಪವಿತ್ರ ಗ್ರಂಥವೇ ಈ ಜಗಳವನ್ನು ತೀರಿಸಿದೆ. ಸಿರಾಖನ ಗ್ರಂಥದ 38ನೇ ಅಧ್ಯಾಯವು ವೈದ್ಯನನ್ನು ಗೌರವಿಸಬೇಕೆನ್ನುತ್ತದೆ, ಏಕೆಂದರೆ ಅವನನ್ನು ಸೃಷ್ಟಿಸಿದವರು ದೇವರೇ. ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವರೂ ಅವರೇ. ಕಾಯಿಲೆ ಬಿದ್ದಾಗ ದೇವರಲ್ಲಿ ಮೊರೆಯಿಡು, ಅನಂತರ ವೈದ್ಯನಿಗೂ ಅವಕಾಶ ಕೊಡು ಎಂಬುದು ಆ ಜ್ಞಾನಿಯ ಬುದ್ಧಿವಾದ.

ನಮ್ಮ ಕಾಲದ ಒಂದು ನಿದರ್ಶನವನ್ನೂ ಹೇಳಬೇಕು. 2025ರಲ್ಲಿ ದೈವಾಧೀನರಾದ ಪೋಪ್ ಫ್ರಾನ್ಸಿಸರು, ತಮ್ಮ 42ನೇ ವಯಸ್ಸಿನಲ್ಲಿ ಆರು ತಿಂಗಳ ಕಾಲ ವಾರಕ್ಕೊಮ್ಮೆ ಒಬ್ಬ ಯೆಹೂದಿ ಮಹಿಳಾ ಮನೋವಿಶ್ಲೇಷಕರ ಬಳಿಗೆ ಹೋಗುತ್ತಿದ್ದುದಾಗಿ 2017ರಲ್ಲಿ ಬಹಿರಂಗವಾಗಿಯೇ ಹೇಳಿದರು. ಆಗ ಅವರು ಗುರುಗಳಾಗಿದ್ದರು, ಯೇಸುಸಭೆಯ ಹೊಣೆ ಹೊತ್ತವರಾಗಿದ್ದರು. ನೆರವು ಕೇಳುವುದು ಅವರ ವಿಶ್ವಾಸಕ್ಕೆ ಕುಂದಾಗಲಿಲ್ಲ.

ಎಲ್ಲಿಗೆ ಹೋಗುವುದು?

ಬೆಂಗಳೂರಿನಂಥ ನಗರದಲ್ಲಿ ಚಿಕಿತ್ಸೆ ಇಲ್ಲವೆಂದಲ್ಲ; ದಾರಿ ತಿಳಿಯದೆ ಜನ ಕಂಗಾಲಾಗುತ್ತಾರೆ. ಮೊದಲು ನಿಮ್ಮ ಮನೆವೈದ್ಯರನ್ನೇ ಕಾಣಬಹುದು. ಥೈರಾಯ್ಡ್ ದೋಷ, ರಕ್ತಹೀನತೆ, ಬಿ12 ಕೊರತೆ ಕೂಡ ಖಿನ್ನತೆಯಂತೆಯೇ ಕಾಣಿಸಿಕೊಳ್ಳುತ್ತವೆ. ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಮನೋವೈದ್ಯರು ಔಷಧಿ ಬರೆದುಕೊಡಬಲ್ಲ ಡಾಕ್ಟರು. ಮಾತುಕತೆಯ ಮೂಲಕ ಚಿಕಿತ್ಸೆ ನೀಡುವವರು ಮನಃಶಾಸ್ತ್ರಜ್ಞರು. ಅವರಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಅದನ್ನು ಕೇಳಿ ತಿಳಿದುಕೊಳ್ಳುವುದು ತಪ್ಪಲ್ಲ.

ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿಗೆ ಹೋದರೆ ಹುಚ್ಚನೆಂಬ ಹೆಸರು ಬರುತ್ತದೆಂಬ ಹಳೆಯ ಅಂಜಿಕೆಯನ್ನು ಬಿಡಿ. ತಲೆನೋವಿನವರು, ಮೂರ್ಛೆರೋಗದವರು, ನಿದ್ರೆ ಬಾರದವರು ಎಲ್ಲರೂ ಅಲ್ಲಿ ಸರದಿಯಲ್ಲಿ ಕುಳಿತಿರುತ್ತಾರೆ. ಕೋರಮಂಗಲದ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗವಿದೆ. ರಜೆ ಸಿಗದವರಿಗೆ, ಹೊರಗೆ ಹೊರಡಲು ಧೈರ್ಯ ಸಾಲದವರಿಗೆ ಕೇಂದ್ರ ಸರ್ಕಾರದ ಟೆಲಿಮಾನಸ್ ಸೇವೆಯಿದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆಯ ಸಂಖ್ಯೆ 14416. ಹಗಲಿರುಳು ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯ ವಿಷಯವನ್ನು ಗುಟ್ಟಾಗಿಡುವ ಹಕ್ಕನ್ನು ಕೊಟ್ಟಿದೆ. ಆರೋಗ್ಯ ವಿಮೆಯಲ್ಲಿ ಮೈಯ ಕಾಯಿಲೆಗಿರುವ ಸೌಲಭ್ಯ ಮನಸ್ಸಿನ ಕಾಯಿಲೆಗೂ ಇರಬೇಕೆಂದಿದೆ.

ದೂತನ ಕೆಲಸ ನಮ್ಮದು

ಇಷ್ಟೆಲ್ಲ ಇದ್ದರೂ ಕಾಯಿಲೆಯವರು ತಾವಾಗಿ ಏಕೆ ಹೋಗುವುದಿಲ್ಲ? ಹುಡುಕುವ ಶಕ್ತಿಯನ್ನೇ ಈ ಕಾಯಿಲೆ ಕಿತ್ತುಕೊಂಡಿರುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆಯುವುದೇ ಬೆಟ್ಟವಾಗಿರುವಾಗ, ಡಾಕ್ಟರ ಹೆಸರು ವಿಚಾರಿಸಿ, ಸಮಯ ಗೊತ್ತುಮಾಡಿ, ಎರಡು ಬಸ್ಸು ಬದಲಿಸಿ ಹೋಗುವುದು ಅವರಿಂದಾಗದು. ಎಲೀಯನು ರೊಟ್ಟಿಯನ್ನು ತಾನೇ ಸುಟ್ಟುಕೊಳ್ಳಲಿಲ್ಲ.

ಆದ್ದರಿಂದ, ಪ್ರಿಯರೇ, ಚೀಟಿ ಬರೆಸುವುದು, ಸರದಿಯಲ್ಲಿ ನಿಲ್ಲುವುದು ಮನೆಯವರ ಕೆಲಸ. "ಡಾಕ್ಟರ ಹತ್ತಿರ ಹೋಗು" ಎನ್ನುವುದಕ್ಕಿಂತ "ಗುರುವಾರ ನಾನೂ ರಜೆ ಹಾಕುತ್ತೇನೆ, ಇಬ್ಬರೂ ಹೋಗೋಣ" ಎನ್ನುವುದೇ ಮೇಲು. ಎರಡನೆಯ ಸಲವೂ ಹೋಗಬೇಕು. ಖಿನ್ನತೆಯ ಮಾತ್ರೆಗಳು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ಬಳಿಕವೇ ಗುಣ ತೋರಿಸುತ್ತವೆ. ಮೊದಲ ವಾರದಲ್ಲೇ ಫಲವಿಲ್ಲವೆಂದು ನಿಲ್ಲಿಸುವವರು ಬಹಳ. ಗುಣವಾದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕಾಗುತ್ತದೆ. ಡಾಕ್ಟರನ್ನು ಕೇಳದೆ ತಟ್ಟನೆ ಬಿಡಬಾರದು. ಮಾತಿನ ಚಿಕಿತ್ಸೆಯೂ ವಾರ ವಾರ, ಹಲವು ವಾರ ನಡೆಯುವಂಥದ್ದು. ಒಬ್ಬ ಡಾಕ್ಟರು ಹೊಂದದಿದ್ದರೆ ಇನ್ನೊಬ್ಬರನ್ನು ಕಾಣಬಹುದು.

"ಈ ವಿಷಯ ಹೊರಗೆ ಬಿದ್ದರೆ ಮಗಳಿಗೆ ಗಂಡು ಸಿಗುವುದಿಲ್ಲ" ಎಂದು ಮುಚ್ಚಿಡುವ ತಂದೆತಾಯಿಗಳೇ, ಮದುವೆಗಿಂತ ಮೊದಲು ಮಗಳು ಉಳಿಯಬೇಕಲ್ಲವೇ? ಸಾಯುವ ಮಾತು ಬಂದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕಬೇಡಿ. ಬಾಯಿಬಿಟ್ಟು ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಭಾರ ಇಳಿಯುತ್ತದೆ. ಒಬ್ಬರನ್ನೇ ಬಿಡಬೇಡಿ. ಮಾತ್ರೆ, ವಿಷಗಳನ್ನು ಮನೆಯಲ್ಲಿ ಕೈಗೆ ಸಿಗದಂತೆ ಮಾಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಗೆ ಮಾಡಿಯೂ ಒಬ್ಬರನ್ನು ಕಳೆದುಕೊಂಡ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿವೆ. ತೀವ್ರವಾದ ಮಾನಸಿಕ ವ್ಯಥೆ ಮನುಷ್ಯನ ಹೊಣೆಯನ್ನು ಕುಗ್ಗಿಸುತ್ತದೆಂದು 1992ರಲ್ಲಿ ಪ್ರಕಟವಾದ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಅಂಥವರ ನಿತ್ಯಜೀವದ ಬಗ್ಗೆ ನಿರಾಶರಾಗಬಾರದೆಂದೂ ಹೇಳುತ್ತದೆ. ಆ ಮನೆಗಳಲ್ಲಿ ಪಿಸುಮಾತಿನ ಬದಲು ನಮ್ಮ ಪ್ರಾರ್ಥನೆ ಕೇಳಿಬರಲಿ.

ಹೋರೇಬಿನಿಂದ ಹಿಂದಿರುಗಿದ ಎಲೀಯನಿಗೆ ದೇವರು ಎಲೀಷನನ್ನು ಜೊತೆಗಾರನನ್ನಾಗಿ ಕೊಟ್ಟರು. ಈ ವಾರ ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಮಾತು ಕಡಿಮೆಯಾಗಿರುವ ಒಬ್ಬರನ್ನು ನೆನಪು ಮಾಡಿಕೊಳ್ಳಿ. ಹೋಗಿ, ಪಕ್ಕದಲ್ಲಿ ಕುಳಿತು, "ಊಟ ಆಯಿತಾ, ನಿದ್ದೆ ಬರುತ್ತಾ?" ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ.

ಪ್ರಾರ್ಥಿಸೋಣ: ಗೆತ್ಸೆಮನೆ ತೋಟದಲ್ಲಿ ಮನನೊಂದು, ಜೊತೆಗಿರಿ ಎಂದು ಗೆಳೆಯರನ್ನು ಕೇಳಿಕೊಂಡ ಪ್ರಭು ಯೇಸುವೇ, ಕತ್ತಲಲ್ಲಿ ಮಲಗಿರುವ ನಮ್ಮವರನ್ನು ಮುಟ್ಟಿ ಎಬ್ಬಿಸಿರಿ. ಅವರಿಗಾಗಿ ದುಡಿಯುವ ವೈದ್ಯರ, ದಾದಿಯರ ಕೈಗಳನ್ನು ಹರಸಿರಿ. ನಮಗೆ ನಿದ್ದೆ ಬಂದು ಅವರನ್ನು ಒಂಟಿಯಾಗಿ ಬಿಡದಂತೆ ನಮ್ಮನ್ನು ಎಚ್ಚರವಾಗಿಡಿರಿ. ಆಮೆನ್.